ಸೇಫ್ಟಿ ಆಫೀಸರ್ ಬೇಕಾಗಿದ್ದಾರೆ: ಕೊಡಗಿನಲ್ಲಿ ಹುಡುಕುವವರು ತಿಳಿದಿರಬೇಕಾದ್ದು

ಕೊಡಗಿನಲ್ಲಿ ಸೇಫ್ಟಿ ಆಫೀಸರ್‌ಗಾಗಿ ಹುಡುಕಾಟ ಶುರುವಾಗುವುದು ಹೆಚ್ಚಾಗಿ ಮೂರು ಸಂದರ್ಭಗಳಲ್ಲಿ. ಒಂದು, ಯಾರೋ ಏಣಿಯಿಂದ ಬಿದ್ದಮೇಲೆ. ಎರಡು, ಕಾಫಿ ಕೊಳ್ಳುವ ಕಂಪನಿಯಿಂದಲೋ ರೈನ್‌ಫಾರೆಸ್ಟ್ ಅಲೈಯನ್ಸ್‌ನಂಥ ಸರ್ಟಿಫಿಕೇಷನ್‌ನವರಿಂದಲೋ ಆಡಿಟ್ ಇದೆ ಅಂತ ಗೊತ್ತಾದಮೇಲೆ. ಮೂರು, ಇಲಾಖೆಯ ನೋಟಿಸ್ ಕೈಗೆ ಬಂದಮೇಲೆ. ಮೂರರಲ್ಲೂ ಅವಸರವೇ. ಮೈಸೂರಿನದೋ ಬೆಂಗಳೂರಿನದೋ ಒಂದು ಕನ್ಸಲ್ಟೆನ್ಸಿಗೆ ಫೋನ್ ಹೋಗುತ್ತದೆ. ಎರಡು ದಿನದಲ್ಲಿ ಹತ್ತಾರು ಬಯೋಡೇಟಾ ವಾಟ್ಸಾಪ್‌ಗೆ ಬಂದು ಬೀಳುತ್ತವೆ. ಎಲ್ಲದರಲ್ಲೂ ಅದೇ ಸಾಲು, ಅದೇ ಸರ್ಟಿಫಿಕೇಟಿನ ಹೆಸರು. ಅದರಲ್ಲಿ ಯಾರು ಕೆಲಸ ಬಲ್ಲವರು, ಯಾರು ಫೈಲ್ ತುಂಬಿಸುವವರು ಅಂತ ತಿಳಿಯುವುದು ಹೇಗೆ?

ಸುರಕ್ಷತೆಯ ಜನರನ್ನೇ ಹುಡುಕಿಕೊಡುವ ಏಜೆನ್ಸಿಗಳು ಈಗ ಇವೆ. ಅವುಗಳಿಂದ ಉಪಯೋಗವೂ ಇದೆ. ಆದರೆ ನಿಮ್ಮ ಜಾಗದಲ್ಲಿ ಏನು ಅಪಾಯ ಇದೆ ಅಂತ ಆ ಏಜೆನ್ಸಿಗೆ ಹೇಳಬೇಕಾದವರು ನೀವೇ. ಅದನ್ನು ಹೇಳದೆ 'ಒಳ್ಳೆ ಕ್ಯಾಂಡಿಡೇಟ್ ಕಳಿಸಿ' ಅಂದರೆ, ಯಾವುದೋ ಸಿಮೆಂಟ್ ಕಾರ್ಖಾನೆಗೆ ಸರಿಹೊಂದುವವರು ಕಾಫಿ ತೋಟಕ್ಕೆ ಬಂದು ನಿಲ್ಲುತ್ತಾರೆ. ಅವರ ತಪ್ಪಲ್ಲ, ಏಜೆನ್ಸಿಯದೂ ಅಲ್ಲ.

ಹುಡುಕುವ ಮುಂಚೆ ಜಾಗ ಸುತ್ತಿ

ಮೆಣಸು ಕೊಯ್ಲಿನ ಅಲ್ಯೂಮಿನಿಯಂ ಏಣಿಯನ್ನೇ ತಗೊಳ್ಳಿ. ಹಗುರ, ಒಬ್ಬರೇ ಹೊತ್ತುಕೊಂಡು ಹೋಗಬಹುದು, ಮಳೆಗೆ ಕೊಳೆಯುವುದಿಲ್ಲ. ಅದಕ್ಕೇ ಬಿದಿರಿನ ಏಣಿ ಹಿಂದೆ ಬಿತ್ತು. ಆದರೆ ಅಲ್ಯೂಮಿನಿಯಂ ಕರೆಂಟ್ ಹರಿಸುವ ಲೋಹ. ಎಷ್ಟೋ ತೋಟಗಳ ಮೇಲೆ 11 ಕೆವಿ, ಅಂದರೆ 11,000 ವೋಲ್ಟಿನ ಲೈನ್ ಹಾದು ಹೋಗಿರುತ್ತದೆ. ರಸ್ತೆ ಬಿಟ್ಟು ಬೇರೆ ಕಡೆ ಹಾಯುವ ಇಂಥ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಮೇಲಿರಬೇಕು ಅನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ. ಅಂದರೆ ಸುಮಾರು 15 ಅಡಿ. ಸಿಲ್ವರ್ ಓಕ್‌ಗೆ ಹಬ್ಬಿದ ಬಳ್ಳಿಯಿಂದ ಮೆಣಸು ಬಿಡಿಸುವ ಏಣಿ ಸಲೀಸಾಗಿ 20 ಅಡಿ ದಾಟುತ್ತದೆ. ಹಾಗಾಗಿ ಲೈನ್ ನಿಯಮದ ಪ್ರಕಾರವೇ ಇದ್ದರೂ ಏಣಿ ಅದನ್ನು ಮುಟ್ಟಬಲ್ಲದು. ಒಂದು ಮರದಿಂದ ಇನ್ನೊಂದು ಮರಕ್ಕೆ ಏಣಿಯನ್ನು ನೆಟ್ಟಗೆ ಹಿಡಿದುಕೊಂಡೇ ಸಾಗಿಸುವಾಗ ಅಪಾಯ ಇನ್ನೂ ಜಾಸ್ತಿ. ಕೈಯಲ್ಲಿ ಹಿಡಿದವರ ಕಣ್ಣು ಕಾಲ ಕೆಳಗಿನ ಇಳಿಜಾರಿನ ಮೇಲಿರುತ್ತದೆ, ತುದಿ ಎಲ್ಲಿದೆ ಅಂತ ಯಾರೂ ನೋಡುವುದಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಹೀಗೆ ಜೀವ ಹೋದ ಸುದ್ದಿ ಓದದ ವರ್ಷ ಕಡಿಮೆ.

ಇದಕ್ಕೆ ಏನು ಮಾಡುತ್ತೀರಿ ಅಂತ ಯಾರನ್ನಾದರೂ ಕೇಳಿ ನೋಡಿ. ಕೆಲವರು ತಕ್ಷಣ ಗ್ಲೌಸ್, ಗಂಬೂಟ್, ಹೆಲ್ಮೆಟ್, ಎಚ್ಚರಿಕೆ ಬೋರ್ಡ್ ಅನ್ನುತ್ತಾರೆ. 11,000 ವೋಲ್ಟ್ ಮುಂದೆ ತೋಟದ ಗಂಬೂಟು ಏನು ಮಾಡೀತು? ಕೆಲಸ ಬಲ್ಲವರು ಬೇರೆ ತುದಿಯಿಂದ ಯೋಚಿಸುತ್ತಾರೆ. ಈ ಅಪಾಯವನ್ನೇ ಇಲ್ಲದಂತೆ ಮಾಡಬಹುದಾ? ಲೈನ್ ಪಕ್ಕಕ್ಕೆ ಸರಿಸಲು ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಬಹುದಾ? ಅದು ಆಗುವ ತನಕ ಲೈನಿನ ಕೆಳಗಿನ ಸಾಲಿನಲ್ಲಿ ಮೆಣಸು ಬಳ್ಳಿಯೇ ಬೇಡ, ಬರೀ ಕಾಫಿ ಇರಲಿ ಅನ್ನಬಹುದಾ? ಆಗದಿದ್ದರೆ ಆ ಬ್ಲಾಕ್‌ಗೆ ಮಾತ್ರ ಫೈಬರ್ ಏಣಿ ಅಥವಾ ಒಣಗಿದ ಬಿದಿರಿನ ಏಣಿ. ಅದರ ಜೊತೆಗೆ ಕೊಯ್ಯುವ ದಿನ ಲೈನ್ ಆಫ್ ಮಾಡಿಸಿ, ಆಫ್ ಆಗಿದೆ ಅಂತ ಖಾತ್ರಿ ಆದಮೇಲೇ ಒಳಗೆ ಬಿಡುವ ಕ್ರಮ. ಏಣಿ ಮಲಗಿಸಿಯೇ ಒಯ್ಯಬೇಕು, ಇಬ್ಬರು ಹಿಡಿಯಬೇಕು ಅನ್ನುವ ನಿಯಮ ಮತ್ತು ಅದಕ್ಕೆ ತರಬೇತಿ. ಮೈಮೇಲೆ ಹಾಕಿಕೊಳ್ಳುವ ರಕ್ಷಣೆ ಎಲ್ಲಕ್ಕಿಂತ ಕೊನೆಗೆ.

ಈ ಕ್ರಮವೇ ಸುರಕ್ಷತೆಯ ವಿದ್ಯೆಯ ತಿರುಳು. ಮೊದಲು ಅಪಾಯ ತೆಗೆ, ಆಗದಿದ್ದರೆ ಬದಲಾಯಿಸು, ಆಮೇಲೆ ತಡೆ ಹಾಕು, ಆಮೇಲೆ ಕೆಲಸದ ರೀತಿ ತಿದ್ದು, ಕಟ್ಟಕಡೆಗೆ ಹೆಲ್ಮೆಟ್ಟು ಗ್ಲೌಸು. ಪ್ರಪಂಚದ ಯಾವ ಕಾರ್ಖಾನೆಗೆ ಹೋದರೂ ಇದೇ ಕ್ರಮ. ಇದನ್ನು ತಲೆಕೆಳಗೆ ಹಿಡಿದವರು ಎಷ್ಟು ಸರ್ಟಿಫಿಕೇಟ್ ತಂದರೂ ನಿಮಗೆ ಬೇಡ.

ಇನ್ನೊಂದು ಉದಾಹರಣೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಿನ ಗುಂಡಿ. ಹಣ್ಣು ಪಲ್ಪ್ ಮಾಡಿದ ನೀರು ಅಲ್ಲಿ ನಿಂತು ಕೊಳೆಯುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ ಆಮ್ಲಜನಕ 20.9 ಶೇಕಡಾ ಇರುತ್ತದೆ. 19.5 ಶೇಕಡಾಕ್ಕಿಂತ ಕೆಳಗೆ ಹೋದರೆ ಆ ಜಾಗಕ್ಕೆ ಇಳಿಯುವ ಹಾಗಿಲ್ಲ. ಮುಚ್ಚಿದ ಗುಂಡಿಯಲ್ಲಿ ಅದು ಇಳಿದಿರುತ್ತದೆ, ಜೊತೆಗೆ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಗಾಳಿ ಸೇರಿರಬಹುದು. ಕೊಳೆತ ಮೊಟ್ಟೆ ವಾಸನೆ ಬಂದರೆ ಗೊತ್ತಾಗುತ್ತದಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಆ ವಿಷಗಾಳಿ ಸುಮಾರು 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು) ದಾಟಿದರೆ ಮೂಗು ಸೋತುಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಮೋಟಾರ್ ಸರಿಮಾಡಲು ಇಳಿದ ಒಬ್ಬರು ಕುಸಿದರೆ, ಎತ್ತಲು ಇಳಿದವರೂ ಕುಸಿಯುತ್ತಾರೆ. ರೆಸಾರ್ಟಿನ ಸೆಪ್ಟಿಕ್ ಟ್ಯಾಂಕಿನದೂ ಕೊಳಚೆ ನೀರು ಶುದ್ಧೀಕರಿಸುವ ಘಟಕದ್ದೂ ಇದೇ ಕಥೆ. ಇಲ್ಲಿ ಬೇಕಾದ್ದು ಗ್ಯಾಸ್ ಮೀಟರ್, ಗಾಳಿ ಊದುವ ಬ್ಲೋವರ್, ಮೇಲಿನಿಂದಲೇ ಎಳೆಯುವ ಹಗ್ಗ ಮತ್ತು ಟ್ರೈಪಾಡ್, 'ಯಾರೂ ಹಿಂದೆ ಇಳಿಯಬಾರದು' ಅಂತ ಹೇಳಿ ಹೇಳಿ ಮನಸ್ಸಿಗೆ ಕೂರಿಸಿದ ಅಭ್ಯಾಸ. ಅದಕ್ಕಿಂತ ಮೊದಲು, ಮೋಟಾರನ್ನೇ ಗುಂಡಿಯ ಹೊರಗೆ ಕೂರಿಸಬಹುದಾ ಅನ್ನುವ ಪ್ರಶ್ನೆ.

ಕುಶಾಲನಗರದ ಕೂಡ್ಲೂರಿನ ಕಡೆ ಇರುವ, ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಪಾಯದ ಮುಖವೇ ಬೇರೆ. ಅಲ್ಲಿ ಹಲ್ಲರ್‌ನ ಸದ್ದು, ಬೆಲ್ಟು, ಮೂಟೆಗಳ ಅಟ್ಟಿ, ಮತ್ತೆ ಧೂಳು. ಹುರಿಯದ ಕಾಫಿ ಬೀಜದ ಧೂಳಿನಿಂದ ಕೆಲವರಿಗೆ ಅಲರ್ಜಿ, ಉಬ್ಬಸ ಬರುತ್ತದೆ ಅನ್ನುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ವಿಷಯ. ಅದು ಒಂದೇ ದಿನದಲ್ಲಿ ಬೀಳಿಸುವುದಿಲ್ಲ, ವರ್ಷಗಟ್ಟಲೆ ತಿನ್ನುತ್ತದೆ. ಆದ್ದರಿಂದ ಅಲ್ಲಿಗೆ ಬೇಕಾದವರು ಧೂಳು, ಸದ್ದು ಅಳೆಯಬಲ್ಲವರು. ಗುಡ್ಡ ಕಡಿದು ಕಟ್ಟಡ ಕಟ್ಟುವವರಿಗೆ ಮಣ್ಣಿನ ಇಳಿಜಾರು ಗೊತ್ತಿರುವವರು ಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಇಳಿದದ್ದನ್ನು ನೋಡಿದ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೋಟದಲ್ಲಿ ಇನ್ನೂ ಇವೆ. ಮರಗಸಿ ಮಾಡುವವರು, ಅಂದರೆ ನೆರಳಿನ ಮರದ ಕೊಂಬೆ ಕಡಿಯುವವರು, ಕೊಂಬೆಯ ಜೊತೆ ಬೀಳುವುದು, ಸ್ಪ್ರೇ ಹೊಡೆಯುವವರಿಗೆ ವಿಷ ತಗಲುವುದು, ಬೆಳಗ್ಗೆ ಕೆಲಸಕ್ಕೆ ಹೊರಟವರಿಗೆ ಕಾಫಿ ಗಿಡಗಳ ನಡುವೆ ಆನೆ ಎದುರಾಗುವುದು. ಆನೆ ಯಾವ ಸೇಫ್ಟಿ ಕೋರ್ಸಿನ ಪಾಠದಲ್ಲೂ ಇಲ್ಲ. ಆದರೆ ಇಲ್ಲಿ ಅದೂ ಕೆಲಸದ ಜಾಗದ ಅಪಾಯವೇ. ಅರಣ್ಯ ಇಲಾಖೆಯ ಸಂದೇಶ ಬಂದ ದಿನ ಯಾವ ಬ್ಲಾಕ್‌ಗೆ ಜನ ಹೋಗಬಾರದು ಅಂತ ತೀರ್ಮಾನಿಸುವವರು ಯಾರು ಅನ್ನುವುದು ಮೊದಲೇ ಗೊತ್ತಿರಬೇಕು.

ಒಂದು ದಿನ ರೈಟರ್ (ತೋಟದ ಲೆಕ್ಕ ಬರೆಯುವವರು), ಮೇಸ್ತ್ರಿ, ಇಬ್ಬರು ಹಳೆಯ ಕೆಲಸಗಾರರ ಜೊತೆ ಸುತ್ತಿ ಇವನ್ನು ಬರೆದುಕೊಳ್ಳಿ. ಒಂದೂವರೆ ಪುಟ ಸಾಕು. ಏಜೆನ್ಸಿಗೆ ಕೊಡಬೇಕಾದ ಮೊದಲ ಕಾಗದ ಅದೇ.

ಕಾನೂನು ಎಲ್ಲಿ ಬರುತ್ತದೆ

1948ರ ಕಾರ್ಖಾನೆ ಕಾಯ್ದೆಯ 40ಬಿ ಕಲಮಿನಲ್ಲಿ 1,000 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಸೇಫ್ಟಿ ಆಫೀಸರ್ ಕಡ್ಡಾಯ ಅಂತ ಇತ್ತು. ಅಪಾಯಕಾರಿ ಕೆಲಸ ನಡೆಯುವ ಕಡೆ ಅದಕ್ಕಿಂತ ಕಡಿಮೆ ಜನ ಇದ್ದರೂ ಸರ್ಕಾರ ಕಡ್ಡಾಯ ಮಾಡಬಹುದಿತ್ತು. 2020ರಲ್ಲಿ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈ ಲೆಕ್ಕ ಬದಲಾಯಿಸಿತು. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದರ ಪ್ರಕಾರ ಕಾರ್ಖಾನೆಯಲ್ಲಿ 500 ಕೆಲಸಗಾರರಿದ್ದರೆ ಸೇಫ್ಟಿ ಆಫೀಸರ್ ಬೇಕು. ಅಪಾಯಕಾರಿ ಕೆಲಸದ ಕಾರ್ಖಾನೆಗೆ ಮತ್ತು ಕಟ್ಟಡ ಕಾಮಗಾರಿಗೆ ಈ ಸಂಖ್ಯೆ 250. ಗಣಿಗೆ 100.

ಈಗ ನಿಮ್ಮ ಜಾಗಕ್ಕೆ ಇದನ್ನು ಹೊಂದಿಸಿ ನೋಡಿ. ಕೊಡಗಿನಲ್ಲಿ 500 ಜನರಿರುವ ಕಾರ್ಖಾನೆ ಎಷ್ಟಿರಬಹುದು? ಬೆರಳಲ್ಲೇ ಎಣಿಸಬಹುದು. ಅಂದರೆ ಇಲ್ಲಿನ ಬಹಳಷ್ಟು ಮಾಲೀಕರಿಗೆ ಸೇಫ್ಟಿ ಆಫೀಸರ್ ಇಡಲೇಬೇಕು ಅನ್ನುವ ಕಟ್ಟು ಬೀಳುವುದಿಲ್ಲ. ಹಾಗಂತ ಜವಾಬ್ದಾರಿಯೂ ಇಲ್ಲ ಅಂತ ಅಲ್ಲ. ಗಾಯ ಅಥವಾ ಕಾಯಿಲೆ ತರುವ ಅಪಾಯಗಳಿಂದ ಕೆಲಸದ ಜಾಗವನ್ನು ಮುಕ್ತವಾಗಿಡುವುದು ಮಾಲೀಕರ ಕರ್ತವ್ಯ ಅಂತ ಸಂಹಿತೆ ಹೇಳುತ್ತದೆ. ಕಾಫಿ, ಟೀ, ಏಲಕ್ಕಿ, ರಬ್ಬರ್ ಬೆಳೆಯುವ 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆಗೆ ಮೇಲ್ಪಟ್ಟ ಜಾಗ ಅದರ ಲೆಕ್ಕದಲ್ಲಿ ಪ್ಲಾಂಟೇಶನ್. ಅಲ್ಲಿ ಕೀಟನಾಶಕ ಇಡುವುದು, ಬೆರೆಸುವುದು, ಹೊಡೆಯುವುದು ಇದಕ್ಕೆಲ್ಲ ಸುರಕ್ಷತೆಯ ಏರ್ಪಾಡು ಮಾಡಬೇಕು, ಆ ಕೆಲಸದವರಿಗೆ ತರಬೇತಿ ಕೊಡಬೇಕು. ಇದೇ ಮಾತು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಲ್ಲೂ ಇತ್ತು. ಹೊಸದೇನಲ್ಲ, ನಾವು ಗಮನಿಸಿರಲಿಲ್ಲ ಅಷ್ಟೇ.

ಸೇಫ್ಟಿ ಆಫೀಸರ್‌ಗೆ ಯಾವ ಅರ್ಹತೆ ಬೇಕು ಅನ್ನುವ ವಿವರ ನಿಯಮಗಳಲ್ಲಿರುತ್ತದೆ. ಕಡ್ಡಾಯದ ಪಟ್ಟಿಗೆ ನೀವು ಬರುವುದಾದರೆ ಏಜೆನ್ಸಿಯ ಮಾತು ನಂಬಿ ಕೂರಬೇಡಿ. ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯಲ್ಲಿ ಸದ್ಯ ಜಾರಿಯಲ್ಲಿರುವ ನಿಯಮ ಕೇಳಿ, ಬರಹದಲ್ಲೇ ಇಟ್ಟುಕೊಳ್ಳಿ.

ಸರ್ಟಿಫಿಕೇಟುಗಳ ಸಂತೆ

ಬಯೋಡೇಟಾ ನೋಡಿ ಗಲಿಬಿಲಿ ಆಗುವುದು ಇಲ್ಲೇ. ಒಂದೊಂದು ಸರ್ಟಿಫಿಕೇಟಿನ ತೂಕ ಬೇರೆ.

ಹಳೆಯ ಕಾಯ್ದೆಯಡಿ ಹಲವು ರಾಜ್ಯಗಳ ನಿಯಮ ಒಂದೇ ಅಚ್ಚಿನಲ್ಲಿತ್ತು. ಎಂಜಿನಿಯರಿಂಗ್ ಪದವಿ ಮತ್ತು ಸೂಪರ್‌ವೈಸರ್ ಮಟ್ಟದಲ್ಲಿ 2 ವರ್ಷದ ಅನುಭವ, ಅಥವಾ ಭೌತಶಾಸ್ತ್ರ, ರಸಾಯನಶಾಸ್ತ್ರದ ಪದವಿ ಇಲ್ಲವೇ ಎಂಜಿನಿಯರಿಂಗ್ ಡಿಪ್ಲೊಮಾ ಇದ್ದವರಿಗೆ 5 ವರ್ಷದ ಅನುಭವ. ಅದರ ಮೇಲೆ ಮಾನ್ಯತೆ ಇರುವ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ. ಜೊತೆಗೆ ಅಲ್ಲಿನ ಹೆಚ್ಚಿನ ಕೆಲಸಗಾರರು ಆಡುವ ಭಾಷೆ ಗೊತ್ತಿರಬೇಕು. ಕೇಂದ್ರ ಕಾರ್ಮಿಕ ಇಲಾಖೆಯ ಅಡಿ ಬರುವ ಮುಂಬೈನ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್, ಚೆನ್ನೈ ಮೊದಲಾದ ಕಡೆಯ ರೀಜನಲ್ ಲೇಬರ್ ಇನ್‌ಸ್ಟಿಟ್ಯೂಟ್‌ಗಳು ನಡೆಸುವ ಒಂದು ವರ್ಷದ ಡಿಪ್ಲೊಮಾಗೆ ಒಳ್ಳೆಯ ಬೆಲೆ ಇದೆ. ಬೀದಿಗೊಂದು ಇರುವ 'ಫೈರ್ ಅಂಡ್ ಸೇಫ್ಟಿ' ಕೋರ್ಸುಗಳಿಗೆ ಆ ಬೆಲೆ ಇಲ್ಲ. ಹೆಸರು ಒಂದೇ ಥರ ಕೇಳಿಸುತ್ತದೆ ಅಷ್ಟೇ.

ನೆಬಾಷ್ ಅನ್ನುವುದು ಬ್ರಿಟನ್ನಿನ ಪರೀಕ್ಷಾ ಮಂಡಳಿ. ಅದರ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್ ಗಲ್ಫ್‌ಗೆ ಹೋಗುವವರಿಗೆ ಬೇಕೇ ಬೇಕು ಅನ್ನುವ ಹಾಗಾಗಿದೆ. ಅಪಾಯ ಗುರುತಿಸುವ ಬುನಾದಿ ಅದರಲ್ಲಿ ಚೆನ್ನಾಗಿದೆ. ಆದರೆ ಅದು ಬುನಾದಿ ಮಾತ್ರ. ನಮ್ಮ ಕಾನೂನಿನ ಸೇಫ್ಟಿ ಡಿಪ್ಲೊಮಾಗೆ ಅದು ಬದಲಿಯಲ್ಲ. ಐಯೋಷ್ ಕೂಡ ಬ್ರಿಟನ್ನಿನದೇ ಸುರಕ್ಷತಾ ಸಂಸ್ಥೆ. ಅದರ 'ಮ್ಯಾನೇಜಿಂಗ್ ಸೇಫ್ಲಿ' ಅನ್ನುವುದು ಮ್ಯಾನೇಜರುಗಳಿಗೆ ಅಂತ ಮಾಡಿದ ಕೆಲವೇ ದಿನಗಳ ಕೋರ್ಸು. ಅದನ್ನು ಬಯೋಡೇಟಾದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದವರನ್ನು ಸ್ವಲ್ಪ ಜಾಸ್ತಿ ಪ್ರಶ್ನೆ ಕೇಳಿ. ಐಎಸ್‌ಒ 45001 ಅನ್ನುವುದು ಕೆಲಸದ ಜಾಗದ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ, ಅದರ ಲೀಡ್ ಆಡಿಟರ್ ಕೋರ್ಸು ಐದು ದಿನದ ತರಬೇತಿ. ಅದು ವ್ಯವಸ್ಥೆಯನ್ನು ತಪಾಸಣೆ ಮಾಡಲು ಕಲಿಸುತ್ತದೆ, ಪಲ್ಪರ್ ಗುಂಡಿಯಿಂದ ಜನರನ್ನು ಕಾಪಾಡಲು ಅಲ್ಲ. ಡಾಕ್ಟರಾದರೆ ಎಎಫ್‌ಐಎಚ್ ಅನ್ನುವ ಕೈಗಾರಿಕಾ ಆರೋಗ್ಯದ ಕೋರ್ಸ್ ಆಗಿದೆಯಾ ನೋಡಿ.

ಡ್ರೈವಿಂಗ್ ಲೈಸೆನ್ಸ್ ಇದ್ದವರೆಲ್ಲ ಜುಲೈ ಮಳೆಯಲ್ಲಿ ಸಂಪಾಜೆ ಘಾಟಿ ಇಳಿಸಲಾರರು, ಅಲ್ವಾ? ಇದೂ ಹಾಗೇ. ಓದು, ಕೆಲಸ ಮಾಡಿದ ಅನುಭವ, ಅದೇ ಥರದ ಜಾಗದ ಪರಿಚಯ, ಇವುಗಳ ಜೊತೆ ಇನ್ನೊಂದು ಬೇಕು. ತನಗೆ ಯಾವುದು ಬರುವುದಿಲ್ಲ ಅಂತ ತಿಳಿದಿರುವುದು. 'ಇಳಿಜಾರಿನ ವಿಷಯ ನನಗೆ ಗೊತ್ತಿಲ್ಲ ಸಾರ್, ಜಿಯೋಟೆಕ್ನಿಕಲ್ ಎಂಜಿನಿಯರ್ ಕರೆಸಿ' ಅನ್ನುವವರಿಗೆ ನಾನು ಮೊದಲೇ ಅಂಕ ಕೊಡುತ್ತೇನೆ.

ಏಜೆನ್ಸಿ ಏನು ಮಾಡುತ್ತದೆ, ಎಷ್ಟು ತಗೊಳ್ಳುತ್ತದೆ

ಎಲ್ಲ ಥರದ ಜನರನ್ನೂ ಒದಗಿಸುವ ಸಾಮಾನ್ಯ ಕನ್ಸಲ್ಟೆನ್ಸಿ ಒಂದು ಬಗೆ. ಅಕೌಂಟೆಂಟ್, ಡ್ರೈವರ್, ಸೇಫ್ಟಿ ಆಫೀಸರ್ ಎಲ್ಲರೂ ಅಲ್ಲಿ ಸಿಗುತ್ತಾರೆ. ಬಯೋಡೇಟಾದಲ್ಲಿ 'ಸೇಫ್ಟಿ' ಅನ್ನುವ ಪದ ಹುಡುಕಿ ಕಳಿಸುತ್ತಾರೆ. ಸುರಕ್ಷತೆ, ಆರೋಗ್ಯ, ಪರಿಸರದ ಹುದ್ದೆಗಳನ್ನಷ್ಟೇ ತುಂಬುವವರು ಇನ್ನೊಂದು ಬಗೆ. ಇವರಲ್ಲಿ ಸ್ವತಃ ಆ ಕೆಲಸ ಮಾಡಿ ಬಂದವರು ಇರುತ್ತಾರೆ. ಕೆಲಸ ಹುಡುಕದೆ ಸುಮ್ನೆ ತಮ್ಮ ಪಾಡಿಗೆ ದುಡಿಯುತ್ತಿರುವ ಒಳ್ಳೆಯವರ ಪರಿಚಯ ಇವರಿಗಿರುತ್ತದೆ. ನೀವು ಕೊಡುವ ದುಡ್ಡಿಗೆ ನಿಜವಾದ ಬೆಲೆ ಬರುವುದು ಆ ಪರಿಚಯದಿಂದ.

ಹಣದ ಲೆಕ್ಕ ಹೀಗೆ. ನಮ್ಮಲ್ಲಿ ಸಾಮಾನ್ಯವಾಗಿ ಕೇಳುವುದು ವರ್ಷದ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ. ಹುದ್ದೆ ದೊಡ್ಡದಾದ ಹಾಗೆ, ಸಿಗುವ ಜನ ಕಡಿಮೆಯಾದ ಹಾಗೆ ಇದು ಏರುತ್ತದೆ. ವರ್ಷಕ್ಕೆ 9 ಲಕ್ಷ ಸಂಬಳ ಅಂದರೆ ಶುಲ್ಕ ಸುಮಾರು 75,000 ರೂಪಾಯಿ. 18 ಶೇಕಡಾ ಜಿಎಸ್‌ಟಿ ಸೇರಿದರೆ 88,500. ವ್ಯಕ್ತಿ ಕೆಲಸಕ್ಕೆ ಸೇರಿದ ಮೇಲೆ ಮಾತ್ರ ಕೊಡುವ ಪದ್ಧತಿ ಒಂದಿದೆ. ಹುಡುಕಾಟಕ್ಕೆ ಮುಂಗಡ ಕೊಟ್ಟು ಆ ಕೆಲಸಕ್ಕೆ ಅವರನ್ನೇ ಹಿಡಿಯುವ ಪದ್ಧತಿ ಇನ್ನೊಂದು. ಮೊದಲನೆಯದರಲ್ಲಿ ಏಜೆನ್ಸಿಗೆ ವೇಗ ಮುಖ್ಯ, ಯಾಕೆಂದರೆ ಇನ್ನೊಬ್ಬರು ಮೊದಲು ಕಳಿಸಿದರೆ ದುಡ್ಡು ಹೋಯಿತು. ನಿಮ್ಮದು ಸಾಮಾನ್ಯ ಹುದ್ದೆಯಾದರೆ ಅದು ಸಾಕು. ತೋಟವೂ ಗೊತ್ತಿರಬೇಕು, ಕ್ಯೂರಿಂಗೂ ಗೊತ್ತಿರಬೇಕು, ಮಡಿಕೇರಿಯಲ್ಲಿ ನೆಲೆಸಲೂ ಒಪ್ಪಬೇಕು ಅನ್ನುವ ಹಾಗಿದ್ದರೆ ಎರಡನೆಯದು ಮೇಲು.

ಸೇರಿದವರು ಬೇಗ ಬಿಟ್ಟರೆ ಇನ್ನೊಬ್ಬರನ್ನು ಪುಕ್ಕಟೆ ಕೊಡುವ ಕರಾರು ಇರುತ್ತದೆ, ಹೆಚ್ಚಾಗಿ 60 ಅಥವಾ 90 ದಿನದ್ದು. ಕೊಡಗಿಗೆ ಇದು ಸಾಲದು ಅಂತ ನನ್ನ ಅಭಿಪ್ರಾಯ. ಜನವರಿಯಲ್ಲಿ ಬಂದವರಿಗೆ ಈ ಊರು ಸ್ವರ್ಗ. ಜೂನ್‌ನಲ್ಲಿ ಕರೆಂಟ್ ಹೋಗಿ, ಬಟ್ಟೆ ಒಣಗದೆ, ಮಗುವಿನ ಶಾಲೆ ಮೂವತ್ತು ಕಿಲೋಮೀಟರ್ ದೂರ ಅಂತಾದಾಗ ಪರೀಕ್ಷೆ ಶುರು. ಒಂದು ಮಳೆಗಾಲ ಒಳಗೆ ಬರುವ ಹಾಗೆ ಕರಾರನ್ನು ಆರು ತಿಂಗಳಿಗೆ ಎಳೆಯಲು ಕೇಳಿ. ಒಪ್ಪದಿದ್ದರೆ ಶುಲ್ಕವನ್ನು ಎರಡು ಕಂತು ಮಾಡಿ ಅನ್ನಿ.

ಏಜೆನ್ಸಿಯನ್ನು ಆರಿಸುವಾಗ ಅವರ ವೆಬ್‌ಸೈಟಿಗಿಂತ ಮೊದಲ ಫೋನ್ ಮಾತು ಜಾಸ್ತಿ ಹೇಳುತ್ತದೆ. ಅವರು ನಿಮ್ಮನ್ನು ಏನು ಕೇಳಿದರು ಅಂತ ಗಮನಿಸಿ. ಸಂಬಳ ಎಷ್ಟು, ಯಾವಾಗ ಸೇರಬೇಕು ಅಂತ ಎರಡೇ ಪ್ರಶ್ನೆ ಕೇಳಿ ಇಟ್ಟರೆ ಅಲ್ಲಿಗೆ ಬಿಡಿ. ಎಷ್ಟು ಜನ ಕೆಲಸದವರು, ಅವರಲ್ಲಿ ಕಂಟ್ರಾಕ್ಟ್‌ನವರು ಎಷ್ಟು, ಯಾವ ಭಾಷೆ, ಹಿಂದಿನ ಸೇಫ್ಟಿ ಆಫೀಸರ್ ಯಾಕೆ ಬಿಟ್ಟರು, ಈ ಹುದ್ದೆಯವರು ಯಾರಿಗೆ ವರದಿ ಮಾಡಬೇಕು ಅಂತ ಕೇಳಿದರೆ ಅವರಿಗೆ ಕೆಲಸ ಗೊತ್ತು. 'ಹಿಂದಿನವರು ಯಾಕೆ ಬಿಟ್ಟರು' ಅನ್ನುವ ಪ್ರಶ್ನೆಗೆ ನೀವೂ ನಿಜ ಹೇಳಿ.

ಬಯೋಡೇಟಾ ಕಳಿಸುವ ಮುಂಚೆ ಅವರು ಏನೇನು ಪರಿಶೀಲಿಸುತ್ತಾರೆ ಅಂತಲೂ ಕೇಳಿ. ಸರ್ಟಿಫಿಕೇಟನ್ನು ಕೊಟ್ಟ ಸಂಸ್ಥೆಯಲ್ಲೇ ಅಸಲಿ ಹೌದೋ ಅಂತ ವಿಚಾರಿಸಿರಬೇಕು, ಕಲರ್ ಜೆರಾಕ್ಸ್ ನೋಡಿ ಒಪ್ಪಿರಬಾರದು. ಹಿಂದಿನ ಕಂಪನಿಯ ಎಚ್‌ಆರ್ ಜೊತೆ ಮಾತಾಡಿದರೆ ಸೇರಿದ ದಿನ, ಬಿಟ್ಟ ದಿನ ಸಿಗುತ್ತದೆ. ಪ್ರೊಡಕ್ಷನ್ ಮ್ಯಾನೇಜರ್ ಜೊತೆ ಮಾತಾಡಿದರೆ ವ್ಯಕ್ತಿ ಸಿಗುತ್ತಾರೆ. 'ಇವರು ಎಂದಾದರೂ ನಿಮ್ಮ ಕೆಲಸ ನಿಲ್ಲಿಸಿದ್ದರಾ?' ಅಂತ ಆ ಮ್ಯಾನೇಜರನ್ನು ಕೇಳಬೇಕು. ನಿಲ್ಲಿಸಿದ್ದರು, ಆಗ ಕೋಪ ಬಂದಿತ್ತು, ಆಮೇಲೆ ಸರಿ ಅನ್ನಿಸಿತು ಅಂತ ಬಂದರೆ ಅದಕ್ಕಿಂತ ಒಳ್ಳೆಯ ಶಿಫಾರಸು ಪತ್ರ ಇಲ್ಲ.

ಇಂಟರ್‌ವ್ಯೂ ಗಂಬೂಟು ಹಾಕಿಕೊಂಡು

ಆಫೀಸಿನಲ್ಲಿ ಕೂತು ಮಾತಾಡಿದರೆ ಚೆನ್ನಾಗಿ ಮಾತಾಡುವವರು ಗೆಲ್ಲುತ್ತಾರೆ. ಅದರ ಬದಲು ಎರಡು ಗಂಟೆ ಅವರ ಜೊತೆ ಸುತ್ತಿ. ಸುಮ್ಮನಿದ್ದು ನೋಡಿ. ಪಲ್ಪರ್ ಹತ್ತಿರ ಬಂದಾಗ ಬೆಲ್ಟಿನ ಗಾರ್ಡ್ ಇಲ್ಲದ್ದು ಅವರ ಕಣ್ಣಿಗೆ ಬೀಳುತ್ತದಾ? ಸ್ಪ್ರೇ ಸಾಮಾನಿನ ಕೋಣೆಯಲ್ಲಿ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡುತ್ತಾರಾ? ಕೆಂಪು ಅತಿ ವಿಷ, ಹಸಿರು ಕಡಿಮೆ ಅಂತ ಬಣ್ಣದಲ್ಲೇ ಗೊತ್ತಾಗುವ ಹಾಗೆ ಮಾಡಿರುತ್ತಾರೆ. ಸ್ಪ್ರೇ ಮುಗಿಸಿದವರು ಎಲ್ಲಿ ಸ್ನಾನ ಮಾಡುತ್ತಾರೆ, ಆ ಬಟ್ಟೆಯನ್ನು ಮನೆಯಲ್ಲಿ ಯಾರು ಒಗೆಯುತ್ತಾರೆ ಅಂತ ಕೇಳಿದರೆ, ಅವರು ಪುಸ್ತಕದ ಆಚೆಗೂ ಯೋಚಿಸಿದ್ದಾರೆ ಅಂತ ಅರ್ಥ.

ಮುಖ್ಯವಾಗಿ, ಕೆಲಸದವರ ಜೊತೆ ಹೇಗೆ ಮಾತಾಡುತ್ತಾರೆ ನೋಡಿ. ನಮ್ಮ ತೋಟಗಳಲ್ಲಿ ಈಗ ಕನ್ನಡ, ಕೊಡವ, ತುಳು, ಮಲಯಾಳ, ತಮಿಳು, ಎರವ ಭಾಷೆ ಎಲ್ಲ ಕೇಳಿಸುತ್ತದೆ. ಅಸ್ಸಾಮಿನಿಂದ ಬಂದವರು ಕೆಲಸಗಾರರ ಲೈನ್ ಮನೆಗಳಲ್ಲಿ ತುಂಬಿದ್ದಾರೆ. ಕನ್ನಡದ ಎಚ್ಚರಿಕೆ ಬೋರ್ಡು ಅವರಿಗೆ ಬರೀ ಚಿತ್ತಾರ. ಇದಕ್ಕೆ ಏನು ಮಾಡುತ್ತೀರಿ ಅಂತ ಕೇಳಿ. ಚಿತ್ರದ ಬೋರ್ಡು, ಅವರಲ್ಲೇ ಒಬ್ಬರನ್ನು ತಯಾರು ಮಾಡಿ ಅವರ ಭಾಷೆಯಲ್ಲೇ ಹೇಳಿಸುವುದು, ಹೇಳಿದ್ದನ್ನು ಮಾಡಿ ತೋರಿಸಿ ಅನ್ನುವುದು, ಇಂಥ ಉತ್ತರ ಬರಬೇಕು. 'ಸಹಿ ಹಾಕಿಸಿಕೊಳ್ಳುತ್ತೇನೆ' ಅಂದರೆ ಅವರು ಕಾಪಾಡುವುದು ಫೈಲನ್ನು.

ಕೊನೆಗೆ ಒಂದು ಕಷ್ಟದ ಪ್ರಶ್ನೆ. 'ಹಣ್ಣು ಉದುರುತ್ತಿದೆ, ಜನ ಕಡಿಮೆ, ಮಳೆ ಬರುವ ಹಾಗಿದೆ. ನೀವು ಕೆಲಸ ನಿಲ್ಲಿಸಿ ಅನ್ನುತ್ತೀರಿ, ಮ್ಯಾನೇಜರ್ ಆಗಲ್ಲ ಅನ್ನುತ್ತಾರೆ. ಆಮೇಲೆ?' ಇದಕ್ಕೆ ಒಂದೇ ಸರಿ ಉತ್ತರ ಇಲ್ಲ. ಆದರೆ ಯಾವುದಕ್ಕೆ ಎದ್ದು ನಿಲ್ಲಬೇಕು, ಯಾವುದನ್ನು ನಾಳೆಗೆ ಬಿಡಬಹುದು ಅನ್ನುವ ವಿವೇಕ ಇದೆಯಾ ಅಂತ ಇಲ್ಲಿ ತಿಳಿಯುತ್ತದೆ.

ಸೇರಿದಮೇಲೆ ಅವರನ್ನು ಎಲ್ಲಿ ಕೂರಿಸುತ್ತೀರಿ

ಒಳ್ಳೆಯವರನ್ನು ತಂದು ಹಾಳು ಮಾಡುವುದು ಇಲ್ಲಿ. ಸೇಫ್ಟಿ ಆಫೀಸರ್ ಅಂತ ಹೆಸರು, ಮಾಡಿಸುವುದು ಗೇಟ್ ಪಾಸ್, ಗಾಡಿ ಲಾಗ್‌ಬುಕ್, ಕ್ಯಾಂಟೀನ್ ಬಿಲ್. ಹಳೆಯ ಕಾಯ್ದೆಯಡಿಯ ಮಾದರಿ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ತಡೆ ಇತ್ತು. ಮುಖ್ಯ ಸುರಕ್ಷತಾ ಅಧಿಕಾರಿಗೆ ಹಿರಿಯ ಅಧಿಕಾರಿಯ ಸ್ಥಾನ, ನೇರವಾಗಿ ಸಂಸ್ಥೆಯ ಮುಖ್ಯಸ್ಥರ ಕೆಳಗೆ ಕೆಲಸ, ಸುರಕ್ಷತೆಗೆ ಅಡ್ಡಿಯಾಗುವ ಬೇರೆ ಕೆಲಸ ಹೇಳಬಾರದು. ನಿಮಗೆ ಆ ನಿಯಮ ಅನ್ವಯಿಸದಿದ್ದರೂ ಆ ಬುದ್ಧಿ ಅನ್ವಯಿಸುತ್ತದೆ. ಕೊಯ್ಲಿನ ಮ್ಯಾನೇಜರಿಗೇ ವರದಿ ಮಾಡುವವರು ಕೊಯ್ಲು ನಿಲ್ಲಿಸಲಾರರು. ಕೆಲಸ ನಿಲ್ಲಿಸುವ ಅಧಿಕಾರ ನೇಮಕದ ಪತ್ರದಲ್ಲೇ ಬರೆದಿರಲಿ. ವರ್ಷಕ್ಕೆ ಇಷ್ಟು ಅಂತ ಖರ್ಚು ಮಾಡುವ ಬಜೆಟ್ ಕೂಡ. ಗ್ಯಾಸ್ ಮೀಟರ್ ಕೊಳ್ಳಲು ಮೂರು ತಿಂಗಳು ಫೈಲ್ ಹಿಡಿದು ಅಲೆದಾಡುವವರು ನಾಲ್ಕನೇ ತಿಂಗಳಲ್ಲಿ ಬೇರೆ ಕೆಲಸ ನೋಡುತ್ತಾರೆ.

ನನ್ನದು ಇಪ್ಪತ್ತು ಎಕರೆ, ಇಷ್ಟೆಲ್ಲ ಎಲ್ಲಿಂದ ಅಂತ ನೀವು ಕೇಳಬಹುದು. ನ್ಯಾಯವೇ. ಕೊಡಗಿನ ಬಹುಪಾಲು ತೋಟಗಳು ಸಣ್ಣವು. ಅಂಥವರಿಗೆ ಪೂರ್ಣಾವಧಿ ಸೇಫ್ಟಿ ಆಫೀಸರ್ ಬೇಡ. ಹತ್ತು ಹದಿನೈದು ತೋಟಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು, ಬೆಳೆಗಾರರ ಸಂಘದ ಅಥವಾ ರೈತ ಉತ್ಪಾದಕ ಸಂಸ್ಥೆಯ ಮೂಲಕ. ಇಲ್ಲವೇ ಸಲಹೆಗಾರರನ್ನು ದಿನದ ಲೆಕ್ಕಕ್ಕೆ ಕರೆಸಬಹುದು. ಏಜೆನ್ಸಿಗಳು ಇಂಥ ಅರೆಕಾಲಿಕ, ಗುತ್ತಿಗೆಯ ಜನರನ್ನೂ ಕೊಡುತ್ತವೆ, ಕೇಳಿದರೆ. ಕೇಳದಿದ್ದರೆ ಪೂರ್ಣಾವಧಿಯವರನ್ನೇ ತೋರಿಸುತ್ತಾರೆ, ಅವರಿಗೆ ಶುಲ್ಕ ಸಿಗುವುದು ಅದರಲ್ಲಿ. ಸಲಹೆಗಾರರು ಬಂದ ದಿನ ಹೇಳಿದ್ದನ್ನು ಉಳಿದ ದಿನ ನಡೆಸಿಕೊಂಡು ಹೋಗಲು ರೈಟರ್ ಅಥವಾ ಮೇಸ್ತ್ರಿಗೆ ಪ್ರಥಮ ಚಿಕಿತ್ಸೆ ಮತ್ತು ಸುರಕ್ಷತೆಯ ತರಬೇತಿ ಕೊಡಿಸಬೇಕಾಗುತ್ತದೆ. ಹಾಗಂತ ಹೊಣೆ ಅವರ ತಲೆಗೆ ಹೋಗುವುದಿಲ್ಲ, ಸಲಹೆಗಾರರ ತಲೆಗೂ ಇಲ್ಲ. ಮಾಲೀಕರ ಹೊಣೆ ಮಾಲೀಕರದ್ದೇ.

ಕೆಲಸ ಹುಡುಕುವ ಹುಡುಗ ಹುಡುಗಿಯರಿಗೂ ಒಂದು ಮಾತು. ಕುಶಾಲನಗರ, ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದವರು ಈ ಕಡೆ ಬರಬಹುದು, ಒಳ್ಳೆಯ ದಾರಿಯೇ. ಆದರೆ ದೇಶದೊಳಗಿನ ಕೆಲಸಕ್ಕೆ ನಿಮ್ಮಿಂದಲೇ ರಿಜಿಸ್ಟ್ರೇಶನ್ ಫೀ, ಇಂಟರ್‌ವ್ಯೂ ಫೀ ಅಂತ ಕೇಳುವ ಏಜೆನ್ಸಿಯಿಂದ ದೂರ ಇರಿ. ಕೆಲಸ ಕೊಡುವವರೇ ಶುಲ್ಕ ಕೊಡುವುದು ಒಳ್ಳೆಯ ಪದ್ಧತಿ. ಕೆಲಸಗಾರರಿಂದ ದುಡ್ಡು ತಗೊಳ್ಳಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದವೂ ಹೇಳುತ್ತದೆ, ಭಾರತ ಅದನ್ನು ಅಂಗೀಕರಿಸಿಲ್ಲದಿದ್ದರೂ. ಗಲ್ಫ್ ಕೆಲಸಕ್ಕೆ ಏಜೆಂಟ್ ಮೂಲಕ ಹೋಗುವುದಾದರೆ ಆ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಅವರು ನಿಮ್ಮಿಂದ ತಗೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ. ಕೋರ್ಸು ನಾವೇ ಮಾಡಿಸುತ್ತೇವೆ, ಕೆಲಸವೂ ಗ್ಯಾರಂಟಿ ಅಂದರೆ ಅದು ಕೋರ್ಸು ಮಾರುವ ಅಂಗಡಿ.

ಹುಡುಕಾಟ ಯಾವಾಗ ಶುರು ಮಾಡಬೇಕು? ಕೆಲಸದಲ್ಲಿರುವ ಒಳ್ಳೆಯವರಿಗೆ ಎರಡು ಮೂರು ತಿಂಗಳ ನೋಟಿಸ್ ಪೀರಿಯಡ್ ಇರುತ್ತದೆ. ಏಜೆನ್ಸಿ ಹುಡುಕಿ, ಇಂಟರ್‌ವ್ಯೂ ಮುಗಿಸಲು ಇನ್ನೊಂದೂವರೆ ತಿಂಗಳು. ಮೆಣಸು ಕೊಯ್ಲು ಬಿರುಸಾಗುವುದು ಫೆಬ್ರವರಿ ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ ಬಂದವರು ಲೈನ್ ಹಾದ ಬ್ಲಾಕುಗಳನ್ನೆಲ್ಲ ನೋಡಿ, ಸೆಸ್ಕ್ ಕಚೇರಿಗೆ ಹೋಗಿ, ಏಣಿ ಬದಲಾಯಿಸಿ, ಜನರಿಗೆ ಹೇಳಿಕೊಡಲು ಒಂದು ತಿಂಗಳಾದರೂ ಬೇಕು. ಹಿಂದಕ್ಕೆ ಎಣಿಸಿದರೆ ಏಜೆನ್ಸಿಗೆ ಫೋನ್ ಮಾಡಬೇಕಾದ್ದು ಆಗಸ್ಟ್ ಕೊನೆಯಲ್ಲಿ, ತಡವೆಂದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ. ಮಳೆ ಇನ್ನೂ ಹೊಯ್ಯುತ್ತಿರುತ್ತದೆ, ತೋಟದಲ್ಲಿ ಕೆಲಸ ಕಡಿಮೆ ಇರುತ್ತದೆ. ರೈಟರ್ ಜೊತೆ ಕೂತು ಆ ಒಂದೂವರೆ ಪುಟ ಬರೆಯಲು ಸಮಯವೂ ಸಿಗುತ್ತದೆ.